ಅಪ್‌ಡೇಟ್: ಖಾಲಿ ಖಾತೆಗಳ ಕಾರಣ ಸಿಕ್ಕಿತು

ಕೇಳಿದ್ದು ಇಷ್ಟು: ಮಂಗಳೂರು ಆಫೀಸಿನ ಕ್ಲೈಂಟ್ ಸರ್ವಿಸ್ ತಂಡಕ್ಕೆ ಮೈಕ್ರೋಸಾಫ್ಟ್‌ನ ಲಾಗಿನ್ ಸೇವೆ ಎಂಟ್ರಾ ಐಡಿಯಿಂದ ಸಿಂಗಲ್ ಸೈನ್-ಆನ್ (ಒಂದೇ ಲಾಗಿನ್‌ನಲ್ಲಿ ಹಲವು ಆ್ಯಪ್) ಹಾಕಿದ ಮೇಲೆ ಕೆಲವರಿಗೆ ಮಾತ್ರ ಹೊಸ ಖಾಲಿ ಖಾತೆ ತೆರೆಯುತ್ತಿತ್ತು, ಹಳೆಯ ಟಿಕೆಟ್ ಒಂದೂ ಕಾಣುತ್ತಿರಲಿಲ್ಲ.

ಸಮಸ್ಯೆ ನೇಮ್‌ಐಡಿಯದ್ದು, ಅಂದರೆ ಲಾಗಿನ್ ಆದವರು ಯಾರೆಂದು ಎಂಟ್ರಾ ಆ್ಯಪ್‌ಗೆ ಹೇಳುವ ಗುರುತು. ಎಂಟ್ರಾ ಡಿಫಾಲ್ಟ್ ಆಗಿ ಅದರಲ್ಲಿ ಕಳಿಸುವುದು ಯುಪಿಎನ್ (ಎಂಟ್ರಾದ ಲಾಗಿನ್ ಹೆಸರು, ನೋಡಲು ಇಮೇಲ್‌ನಂತೆಯೇ). ಟಿಕೆಟ್‌ಗಳಿರುವ ನಮ್ಮ ವರ್ಕ್‌ಸ್ಪೇಸ್ ಖಾತೆ ಹುಡುಕುವುದು ಇಮೇಲ್‌ನಿಂದ. ಎರಡೂ ಒಂದೇ ಇದ್ದವರಿಗೆ ತೊಂದರೆಯಿಲ್ಲ. ಬೇರೆ ಇದ್ದವರಿಗೆ ಆಟೋ-ಪ್ರೊವಿಷನಿಂಗ್ (ಖಾತೆ ಸಿಗದಿದ್ದರೆ ತಾನೇ ಹೊಸದು ತೆರೆಯುವ ವ್ಯವಸ್ಥೆ) ಸದ್ದಿಲ್ಲದೆ ಇನ್ನೊಂದು ಖಾತೆ ಹುಟ್ಟಿಸುತ್ತದೆ. ಎರರ್ ಬರುವುದಿಲ್ಲ, ಅದೇ ತಲೆನೋವು.

ಮೊದಲು ಆಟೋ-ಪ್ರೊವಿಷನಿಂಗ್ ಆಫ್ ಮಾಡಿ, ಎಂಟ್ರಾದ ಕ್ಲೇಮ್ಸ್‌ನಲ್ಲಿ (ಆ್ಯಪ್‌ಗೆ ಯಾವ ಮಾಹಿತಿ ಹೋಗಬೇಕೆಂಬ ಸೆಟ್ಟಿಂಗ್) ನೇಮ್‌ಐಡಿಗೆ ಯೂಸರ್ ಡಾಟ್ ಮೇಲ್ (user.mail, ಅಂದರೆ ಇಮೇಲ್) ಕೊಡಿ, ಆಮೇಲೆ ನಕಲಿ ಖಾತೆ ಅಳಿಸಿ. ಉಲ್ಟಾ ಮಾಡಿದರೆ ಮರುದಿನದ ಲಾಗಿನ್‌ಗೆ ಅವೇ ವಾಪಸ್. ಎಂಟ್ರಾದಲ್ಲಿ ಮೇಲ್ ಫೀಲ್ಡ್ ಖಾಲಿ ಇರುವವರದ್ದನ್ನು ಮೊದಲೇ ತುಂಬಿಸಿಡಿ.

ಹಾಗೇ, ಎಂಟ್ರಾ ಕಳಿಸುವ ಲಾಗಿನ್ ಮಾಹಿತಿ ಅಸಲಿ ಎಂದು ತೋರಿಸುವ ಸೈನಿಂಗ್ ಸರ್ಟಿಫಿಕೇಟ್‌ನ ಡಿಫಾಲ್ಟ್ ಅವಧಿ 3 ವರ್ಷ. ಮುಗಿಯುವ ಸೂಚನೆ ಒಬ್ಬರ ಮೇಲ್‌ಗೆ ಬೇಡ, ತಂಡದ ವಿಳಾಸಕ್ಕೇ ಹೋಗಲಿ.