ಪ್ಯಾಟನ್ ಟ್ಯಾಂಕಿನ ಒರಟು ಮೈಗೆ ವಾಸನೆ ಕಮ್ಮಿ ಇರುವ ಪುಟ್ಟಿ ಯಾವುದು?

ಒಂದೂವರೆ ಅಡಿ ಟೇಬಲ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡ್ಕೋಬೇಡಿ.

ನಾನು ಈಗ ಕಟ್ಟುತ್ತಿರುವುದು 1/35 ಅಳತೆಯ (ನಿಜದ್ದರ ಮೂವತ್ತೈದನೇ ಒಂದು ಪಾಲು) ಎಂ48 ಪ್ಯಾಟನ್ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್. 1965ರ ಸೆಪ್ಟೆಂಬರ್‌ನಲ್ಲಿ ಅಸಲ್ ಉತ್ತರ್‌ನಲ್ಲಿ ನಮ್ಮ ಸೇನೆಯ ಅಬ್ದುಲ್ ಹಮೀದ್ ಜೀಪಿನ ಮೇಲಿದ್ದ 106 ಎಂಎಂ ತೋಪಿನಿಂದ ಹೊಡೆದು ಹಾಕಿದರಲ್ಲ, ಆ ಪಾಕಿಸ್ತಾನಿ ಟ್ಯಾಂಕುಗಳ ಜಾತಿಯದು. ಹೋದ ವರ್ಷ ಮನೆಯವರೆಲ್ಲ ಕಾರಿನಲ್ಲಿ ಶಿರಡಿಗೆ ಹೋಗುವಾಗ, ದಾರಿಯಲ್ಲಿ ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಟ್ಯಾಂಕ್ ಮ್ಯೂಸಿಯಂ ಹತ್ತಿರ ನಿಲ್ಲಿಸಿದ್ದೆ. ಅಮ್ಮ ಮರದ ನೆರಳಲ್ಲಿ ಕೂತರು, ನಾನು ಪ್ಯಾಟನ್ ಮುಂದೆ ನಿಂತೆ. ಹತ್ತಿರದಿಂದ ನೋಡಿದರೆ ಆ ಟರೆಟ್ (ತೋಪು ಕೂತಿರುವ, ತಿರುಗುವ ಮೇಲ್ಭಾಗ) ನುಣ್ಣಗಿಲ್ಲ. ಬಣ್ಣದ ಕೆಳಗೆ ಸಣ್ಣ ಸಣ್ಣ ತಗ್ಗು, ಉಬ್ಬು. ಇದರ ಟರೆಟ್ ಮಾತ್ರ ಅಲ್ಲ, ಕೆಳಗಿನ ಹಲ್, ಅಂದರೆ ಟ್ಯಾಂಕಿನ ಒಡಲು ಕೂಡ ಎರಕ ಹೊಯ್ದದ್ದು. ಕಿಟ್‌ನಲ್ಲಿ ಮಾತ್ರ ಎಲ್ಲವೂ ತೊಳೆದಿಟ್ಟ ಸೋಪಿನ ಹಾಗಿದೆ.

ಸರಿ, ಪುಟ್ಟಿ ಬಳಿಯೋಣ ಅಂತ ಕಾರಿಗೆ ಬಣ್ಣ ಹೊಡೆಯುವವರ ಅಂಗಡಿಯಿಂದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ತಂದೆ. ಥಿನ್ನರ್‌ನಲ್ಲಿ ತೆಳು ಮಾಡಿ ಬ್ರಷ್‌ನಿಂದ ಕುಟ್ಟಿದೆ. ರಾತ್ರಿ ಹತ್ತೂವರೆ. ನಮ್ಮದು ವಿಜಯನಗರದಲ್ಲಿ ಎರಡನೇ ಮಹಡಿ, ಒಂದೇ ಬೆಡ್‌ರೂಮು. ನನ್ನ ಟೇಬಲ್ ಇರುವುದು ಹಾಲ್‌ನಲ್ಲಿ, ಅಮ್ಮ ಮಲಗುವುದೂ ಅಲ್ಲೇ. ಅವರಿಗೆ ವೀಜಿಂಗ್ ಇದೆ. ಅರ್ಧ ಗಂಟೆಗೆ ಕೆಮ್ಮಿಕೊಂಡು ಎದ್ದರು. ಇನ್ಹೇಲರ್ ತೆಗೆದುಕೊಂಡು, ಶಾಲು ಹೊದ್ದು, ಹನ್ನೆರಡರವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. "ಏನೋ ಇದು, ಮನೆಯೊಳಗೆ ಗ್ಯಾರೇಜ್ ಇಟ್ಟಿದ್ದೀಯಾ?" ಅಂದರು ಅಷ್ಟೇ. ಹೆಂಡತಿ ಅದೂ ಅನ್ನಲಿಲ್ಲ. ಅದು ಇನ್ನೂ ಕಷ್ಟ.

ಬೆಳಿಗ್ಗೆ ನೋಡಿದರೆ ಟರೆಟ್‌ನ ಎಡಗಡೆ ಪ್ಲಾಸ್ಟಿಕ್ಕೇ ಮೆತ್ತಗಾಗಿ ಬೆರಳಿನ ಗುರುತು ಕೂತಿತ್ತು.

ಹಾಗಾಗಿ ಕೇಳ್ತಿದ್ದೇನೆ: ವಾಸನೆ ಕಮ್ಮಿ ಇರಬೇಕು, ಪ್ಲಾಸ್ಟಿಕ್ ತಿನ್ನಬಾರದು, ಅಮ್ಮನ ಎದೆಗೆ ತೊಂದರೆ ಆಗಬಾರದು. ಏನು ಬಳಸ್ತೀರಿ?

ಭಾನುವಾರದ ಅಂಟು:

ಗುರು, ನಾನು ಫೆವಿಕಾಲ್‌ಗೆ ಟಾಲ್ಕಮ್ ಪೌಡರ್ ಕಲಸಿ ಶರ್ಮನ್ ಟ್ಯಾಂಕಿಗೆ ಬಳಿದಿದ್ದೇನೆ. ವಾಸನೆ ಅಂದರೆ ಬರೀ ಪೌಡರ್ ವಾಸನೆ. ಮಗಳು ಬಂದು ಟ್ಯಾಂಕಿಗೆ ಸ್ನಾನ ಮಾಡಿಸಿದ್ಯಾ ಅಂತ ಕೇಳಿದಳು.

ಸುಮ್ನೆ ಒಂದು ವಿಷಯ. ಜರ್ಮನಿಯವರು ಅಂಟುವ ಮ್ಯಾಗ್ನೆಟ್ ಮೈನ್‌ಗೆ ಹೆದರಿ 1943ರ ಕೊನೆಯಿಂದ 1944ರ ಸೆಪ್ಟೆಂಬರ್‌ವರೆಗೆ ಟ್ಯಾಂಕುಗಳಿಗೆ ಜಿಮ್ಮರಿಟ್ ಅನ್ನೋ ಗಾರೆ ಮೆತ್ತುತ್ತಿದ್ದರು ಅಲ್ವಾ, ಅದರಲ್ಲಿ 25% ಪಾಲಿವಿನೈಲ್ ಅಸಿಟೇಟ್, 10% ಮರದ ಹೊಟ್ಟು. ಮಿಕ್ಕಿದ್ದು ಬೇರಿಯಂ ಸಲ್ಫೇಟ್, ಬಣ್ಣ, ಜಿಂಕ್ ಸಲ್ಫೈಡ್. ಪಾಲಿವಿನೈಲ್ ಅಸಿಟೇಟ್ ಅಂದರೆ ನಮ್ಮ ಬಡಗಿಗಳ ಬಿಳಿ ಅಂಟೇ. ಟೈಗರ್ ಟ್ಯಾಂಕಿನ ಮೈಮೇಲೆ ಬಡಗಿ ಅಂಗಡಿ!

ಆದರೆ ಒಂದು ಮಾತು, ಒಣಗಿದ ಮೇಲೆ ಉಜ್ಜಕ್ಕೆ ಹೋಗಬೇಡಿ. ರಬ್ಬರ್ ಥರ ಎಳೆಯುತ್ತೆ, ಸ್ಯಾಂಡ್ ಪೇಪರ್‌ಗೆ ಮೆತ್ತಿಕೊಳ್ಳುತ್ತೆ. ನನ್ನ ಶರ್ಮನ್‌ಗೆ ಸಿಡುಬು ಬಂದ ಹಾಗೆ ಕಾಣ್ತಿದೆ.

ಮೊಂಡು ಬ್ರಷ್:

ಮೈಸೂರಿನಿಂದ. ನಾನು ಅಡುಗೆಮನೆ ಟೇಬಲ್ ಮೇಲೆ ಮಾಡೆಲ್ ಕಟ್ಟುವವಳು. ಹಾಗಾಗಿ ವಾಸನೆ ಬರುವ ಯಾವುದಕ್ಕೂ ನಮ್ಮ ಮನೆಯಲ್ಲಿ ಜಾಗ ಇಲ್ಲ.

ಎನ್‌ಸಿ ಪುಟ್ಟಿ ಮಾಡಿರುವುದು ಲೋಹಕ್ಕೆ, ಗಾಳಿ ಆಡುವ ಶೆಡ್‌ಗೆ. ಅದರಲ್ಲಿರುವ ಸಾಲ್ವೆಂಟ್ ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕರಗಿಸುತ್ತೆ, ಅದಕ್ಕೇ ಬೆರಳಿನ ಗುರುತು. ಹವ್ಯಾಸಿಗಳಿಗೇ ಅಂತ ಬರುವ ತಾಮಿಯಾ ಬೂದು ಪುಟ್ಟಿ, ಮಿಸ್ಟರ್ ಸರ್ಫೇಸರ್ ಕೂಡ ಸಾಲ್ವೆಂಟ್ ಜಾತಿಯವೇ. ಕೆಲಸ ಚೆನ್ನಾಗಿ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ಟ್ಯೂಬ್ ಮುಚ್ಚಿಟ್ಟರೂ ಬಳಿದದ್ದು ಒಣಗುವವರೆಗೆ ಆವಿ ಬಿಡುತ್ತಲೇ ಇರುತ್ತೆ. ಸ್ವಲ್ಪ ಹೊತ್ತಿಗೆ ನಮ್ಮ ಮೂಗು ಒಗ್ಗಿಹೋಗುತ್ತೆ. ವಾಸನೆ ಹೋಯ್ತು ಅಂದುಕೊಳ್ತೀವಿ, ಅದು ಇರುತ್ತೆ.

ನಾನು ಬಳಸುವುದು ವಲ್ಲೇಹೋ ಪ್ಲಾಸ್ಟಿಕ್ ಪುಟ್ಟಿ. ಅಕ್ರಿಲಿಕ್, ಒಳಗಿರುವುದು ನುಣ್ಣನೆ ಅಮೃತಶಿಲೆ ಪುಡಿ, ತೆಳು ಮಾಡಲು ನೀರು ಸಾಕು. ದೊಡ್ಡ ಸಂದು ತುಂಬಲು ಬೇಡ, ಕುಗ್ಗುತ್ತೆ. ನಿಮಗೆ ಬೇಕಿರುವುದು ತೆಳ್ಳನೆ ಚರ್ಮ ಅಷ್ಟೇ, ಅದಕ್ಕೆ ಇದು ಸರಿಯಾಗಿದೆ. ಸಿಗದಿದ್ದರೆ ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ಅಕ್ರಿಲಿಕ್ ಮಾಡೆಲಿಂಗ್ ಪೇಸ್ಟ್ ಕೇಳಿ. ಗೋಡೆಗೆ ಹಾಕುವ ಸಿಮೆಂಟ್ ಪುಟ್ಟಿ ತರಬೇಡಿ, ಪ್ಲಾಸ್ಟಿಕ್ ಮೇಲೆ ನಿಲ್ಲಲ್ಲ.

ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಟರೆಟ್ ತೊಳೆದು ಒಣಗಿಸಿ. ಕೈಯ ಜಿಡ್ಡು ಇದ್ದರೆ ಪುಟ್ಟಿ ಸಿಪ್ಪೆ ಏಳುತ್ತೆ. ಮುದುಡಿದ ಹಳೇ ಹಂದಿಗೂದಲಿನ ಬ್ರಷ್ ಒಂದನ್ನು ತೆಗೆದುಕೊಂಡು ಕೂದಲು ಅರ್ಧ ಸೆಂಟಿಮೀಟರ್ ಉಳಿಯುವ ಹಾಗೆ ಕತ್ತರಿಸಿ. ಪುಟ್ಟಿ ಮಜ್ಜಿಗೆಯಷ್ಟು ತೆಳು ಬೇಡ, ದೋಸೆ ಹಿಟ್ಟಿನ ಹದ ಇರಲಿ. ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಳಿಯಿರಿ, ತಕ್ಷಣ ಬ್ರಷ್ ನೆಟ್ಟಗೆ ಹಿಡಿದು ಕುಟ್ಟಿ. ಎಳೆಯಬೇಡಿ, ಗೀರು ಬೀಳುತ್ತೆ. ಆಮೇಲೆ ಪಕ್ಕದ ಜಾಗ. ರಾತ್ರಿಯೆಲ್ಲ ಒಣಗಲಿ. ಮಾರನೇ ದಿನ ಉಜ್ಜುವ ಸ್ಪಾಂಜ್‌ನಿಂದ ಮೇಲಿನ ಮುಳ್ಳು ಮಾತ್ರ ತೆಗೆಯಿರಿ. ನೀರು ಹಾಕಿ ಉಜ್ಜಿದರೆ ಏಳಬಹುದು, ಹಾಗಾಗಿ ಒಣಗಿದ್ದನ್ನೇ ಉಜ್ಜಿ, ಆಗ ಎನ್95 ಹಾಕಿಕೊಳ್ಳಿ. ಎನ್95 ದೂಳಿಗೆ ಮಾತ್ರ. ಥಿನ್ನರ್ ಆವಿಯನ್ನು ಅದು ತಡೆಯಲ್ಲ, ಅದಕ್ಕೆ ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು.

ಇನ್ನು ಎಷ್ಟು ಒರಟು ಬೇಕು ಅನ್ನುವುದು. ಮನೆಯಲ್ಲಿ ಎರಕದ ದೋಸೆ ಕಾವಲಿ ಇದ್ದರೆ ತಿರುಗಿಸಿ ನೋಡಿ. ಮರಳಿನ ಅಚ್ಚಿನಲ್ಲಿ ಹೊಯ್ದದ್ದಲ್ವಾ, ಮರಳಿನ ಗುರುತು ಮೈಮೇಲೆ ಉಳಿದಿರುತ್ತೆ. ಪ್ಯಾಟನ್ ಮೈಗೂ ಅದೇ ಕಾರಣ. ಆದರೆ ಅಷ್ಟೇ ಒರಟು ಮಾಡಿದರೆ ಕೆಟ್ಟಿತು. 1/35ರಲ್ಲಿ 0.1 ಮಿ.ಮೀ. ಉಬ್ಬು ಅಂದರೆ ನಿಜದ ಟ್ಯಾಂಕಿನಲ್ಲಿ 3.5 ಮಿ.ಮೀ. 0.3 ಆಯ್ತೋ, ಒಂದು ಸೆಂಟಿಮೀಟರ್ ದಾಟಿತು. ಮಾಡೆಲನ್ನು ಒಂದಡಿಯಿಂದ ನೋಡೋದು ಅಂದರೆ ಟ್ಯಾಂಕನ್ನು 35 ಅಡಿಯಿಂದ ನೋಡಿದ ಹಾಗೆ. ಅಲ್ಲಿಂದ ಕಾವಲಿಯ ಹಿಂಬದಿ ಎಷ್ಟು ಕಾಣುತ್ತೆ? ಭಾನುವಾರದ ಅಂಟು ಅವರ ಶರ್ಮನ್‌ಗೆ ಸಿಡುಬು ಬಂದಿರುವುದು ಇದಕ್ಕೇ. ಮಡ್‌ಗಾರ್ಡ್‌ಗಳಿಗಂತೂ ಬಳಿಯಲೇಬೇಡಿ, ಅವು ತಗಡು.

ಕೈಚೀಲ:

ಎಂ-ಸೀಲ್ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳ್ತೇನೆ. ಎರಡು ಮುದ್ದೆ ಕಲಸುವ ಎಪಾಕ್ಸಿ ಪುಟ್ಟಿಗೆ ಥಿನ್ನರ್ ಥರ ಘಾಟು ಇಲ್ಲ. ಅದಕ್ಕೇ ಮೋಸ ಹೋದೆ. ಎರಡು ವರ್ಷ ಬರಿಗೈಯಲ್ಲಿ ಚಪಾತಿ ಹಿಟ್ಟಿನ ಹಾಗೆ ನಾದಿದೆ. ಬೆರಳ ಸಂದಿಯಲ್ಲಿ ತುರಿಕೆ ಶುರುವಾಯ್ತು, ನೀರುಗುಳ್ಳೆ ಎದ್ದವು. ಚರ್ಮದ ಡಾಕ್ಟರು ಎಪಾಕ್ಸಿ ಅಲರ್ಜಿ, ಒಮ್ಮೆ ಬಂದರೆ ಹೋಗಲ್ಲ ಅಂದರು. ಈಗ ಕೈಗೆ ಸ್ವಲ್ಪ ತಾಗಿದರೂ ಸಂಜೆಗೆ ತುರಿಕೆ.

ಎಪಾಕ್ಸಿನೇ ಬೇಕು ಅಂದರೆ ಮಿಲಿಪುಟ್ ಕಲಸಿ, ನೀರು ಸೇರಿಸಿ ಗಂಜಿ ಮಾಡಿಕೊಂಡು ಬ್ರಷ್‌ನಲ್ಲಿ ಕುಟ್ಟಬಹುದು. ಎಂ-ಸೀಲ್‌ಗಿಂತ ನುಣುಪು, ಕುಗ್ಗಲ್ಲ. ಆದರೆ ನೈಟ್ರೈಲ್ ಗ್ಲೌಸ್ ಇಲ್ಲದೆ ಪ್ಯಾಕೆಟ್ ಒಡೆಯಬೇಡಿ.

ಒಂದೂವರೆ ಅಡಿ ಟೇಬಲ್:

ಮೂರು ವಾರ ಆಯ್ತು. ವಲ್ಲೇಹೋ ತರಿಸಿದೆ, ಬ್ರಷ್ ಕತ್ತರಿಸಿದೆ. ಮೆತ್ತಗಾಗಿದ್ದ ಜಾಗ ವಾರದೊಳಗೆ ಗಟ್ಟಿಯಾಗಿತ್ತು, ಬೆರಳಿನ ಗುರುತು ಉಜ್ಜಿ ತೆಗೆದೆ.

ಮೊದಲ ಸಲ ದಪ್ಪ ಆಯ್ತು. ಮೊಂಡು ಬ್ರಷ್ ಮೇಡಂ ಲೆಕ್ಕ ನೆನಪಾಗಿ ಕಣ್ಣಂದಾಜಿಗೆ ನೋಡಿದರೆ ಅರ್ಧ ಮಿಲಿಮೀಟರ್ ಇತ್ತು. ಹಸಿ ಇರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪೂರ್ತಿ ಹೋಯ್ತು. ಎನ್‌ಸಿ ಪುಟ್ಟಿ ಆಗಿದ್ದರೆ ಟರೆಟ್ ಕಸದ ಬುಟ್ಟಿಗೆ. ಎರಡನೇ ಸಲ ತೆಳ್ಳಗೆ, ಸಣ್ಣ ಸಣ್ಣ ಜಾಗ. ಸಂಜೆ ಏಳಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸಿದೆ. ಅಮ್ಮ ಅದೇ ಹಾಲ್‌ನಲ್ಲಿ ಟಿವಿ ನೋಡುತ್ತಾ ಇದ್ದರು, ಒಂದು ಸಲವೂ ಕೆಮ್ಮಲಿಲ್ಲ. ಕಾವಲಿ ಯಾಕೆ ಟೇಬಲ್ ಮೇಲಿದೆ ಅಂತ ಮಾತ್ರ ಎರಡು ಸಲ ಕೇಳಿದರು.

ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ವಿಷಯದಲ್ಲಿ ಎಡವುತ್ತಿದ್ದೆ. ಸ್ಪ್ರೇ ಡಬ್ಬಿ ಕೈಗೆ ತೆಗೆದುಕೊಂಡ ಮೇಲೆ ಹೊಳೆಯಿತು, ಇದೂ ಅದೇ ಸಾಲ್ವೆಂಟ್ ಅಂತ. ನೀರಿನ ಪ್ರೈಮರ್ ಬ್ರಷ್‌ನಲ್ಲೇ ಹಚ್ಚಿದೆ, ಎರಡು ಕೋಟ್.

ಈಗ ಉಳಿದಿರುವುದು ಅಂಟು. ತಾಮಿಯಾ ಎಕ್ಸ್‌ಟ್ರಾ ಥಿನ್‌ನಲ್ಲಿ ಅಸಿಟೋನ್, ಬ್ಯುಟೈಲ್ ಅಸಿಟೇಟ್ ಇದೆ. ಅದನ್ನು ಬಾಲ್ಕನಿಯಲ್ಲೇ ಹಚ್ಚಬೇಕು. ಎರಡು ದಿನದಿಂದ ಮಳೆ, ಬಾಲ್ಕನಿ ತುಂಬ ಒಣಹಾಕಿದ ಬಟ್ಟೆ. ಪ್ಯಾಟನ್ ಚಕ್ರಗಳು ಶೂ ಡಬ್ಬಿಯಲ್ಲಿ ಕಾಯ್ತಿವೆ.