ಮೊದಲ ರೋಡ್ ಬೈಕ್: 45,000 ರೂಪಾಯಿಯೊಳಗೆ ಏನನ್ನು ನೋಡಿ ಕೊಳ್ಳಬೇಕು?

ಪ್ರಶ್ನೆ (ರಾಜಾಜಿನಗರದಿಂದ)

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜಿಗೆ ಗೇರಿಲ್ಲದ ಸಾಧಾರಣ ಸೈಕಲ್ಲಿನಲ್ಲಿ ಹೋಗಿಬರುತ್ತೇನೆ. ಭಾನುವಾರ ಬೆಳಿಗ್ಗೆ ಹೆಬ್ಬಾಳ, ಯಲಹಂಕ ದಾಟಿ ದೇವನಹಳ್ಳಿಯ ಕಡೆಗೆ ಹೊರಡುವ ಸವಾರರನ್ನು ಕಂಡಾಗಲೆಲ್ಲ ನಾನೂ ಅಷ್ಟು ದೂರ ಹೋಗಬೇಕು, ಒಮ್ಮೆ ನಂದಿ ಬೆಟ್ಟವನ್ನು ಹತ್ತಬೇಕು ಎಂಬ ಆಸೆ ಬಲವಾಗುತ್ತದೆ. ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕ್ ಕೊಳ್ಳಲು 45,000 ರೂಪಾಯಿ ಎತ್ತಿಟ್ಟಿದ್ದೇನೆ. ನನ್ನ ಎತ್ತರ 160 ಸೆಂ.ಮೀ., ತೂಕ 58 ಕೆ.ಜಿ.

ಒಂದು ಅಂಗಡಿಯಲ್ಲಿ ‘ಮೀಡಿಯಂ’ ಅಳತೆಯ ಸೈಕಲ್ ತೋರಿಸಿ, ಸೀಟು ಇಳಿಸಿಕೊಂಡರೆ ಸರಿಹೋಗುತ್ತದೆ ಎಂದರು. ಇನ್ನೊಂದು ಅಂಗಡಿಯಲ್ಲಿ ಡಿಸ್ಕ್ ಬ್ರೇಕ್ ಇಲ್ಲದ ಸೈಕಲ್ಲನ್ನು ಈಗ ಯಾರೂ ಕೊಳ್ಳುವುದಿಲ್ಲ ಎಂದರು. ಯಾವ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂದು ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ (ಮಲ್ಲೇಶ್ವರದಿಂದ)

ಮೇಡಂ, ಮೊದಲು ಅಳತೆಯ ವಿಷಯ ಇತ್ಯರ್ಥವಾಗಲಿ, ಏಕೆಂದರೆ ಗೇರು, ಟೈರು, ಬ್ರೇಕುಗಳನ್ನು ಮುಂದೆ ಬದಲಿಸಬಹುದೇ ಹೊರತು ಫ್ರೇಮಿನ ಅಳತೆಯನ್ನು ಬದಲಿಸಲಾಗುವುದಿಲ್ಲ. ಸೀಟು ಇಳಿಸಿದರೆ ಕಾಲು ಪೆಡಲಿಗೆ ಎಟುಕುತ್ತದೆ, ನಿಜ; ಆದರೆ ಸೀಟಿನಿಂದ ಹ್ಯಾಂಡಲ್ಲಿಗಿರುವ ದೂರ ಅಷ್ಟೇ ಉಳಿಯುತ್ತದೆ. ಆ ದೂರ ಹೆಚ್ಚಾದರೆ ತೋಳು ಚಾಚಿಕೊಂಡೇ ಕುಳಿತಿರಬೇಕಾಗುತ್ತದೆ, ಯಲಹಂಕ ತಲುಪುವಷ್ಟರಲ್ಲಿ ಕುತ್ತಿಗೆ ಮತ್ತು ಅಂಗೈ ನೋಯತೊಡಗುತ್ತವೆ, ಬ್ರೇಕಿನ ಹಿಡಿಯೂ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ.

ಮನೆಯಲ್ಲೇ ಒಂದು ಅಳತೆ ತೆಗೆದುಕೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನಂತೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. 74 ಸೆಂ.ಮೀ. ಬಂತೆಂದುಕೊಳ್ಳಿ. ಅದನ್ನು 0.883ರಿಂದ ಗುಣಿಸಿದರೆ ಬರುವ 65.3 ಸೆಂ.ಮೀ., ಪೆಡಲಿನ ತೋಳುಗಳು ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಎತ್ತರಕ್ಕೆ ಬಹಳ ಹತ್ತಿರದ ಲೆಕ್ಕ. ನಿಮ್ಮ ಎತ್ತರದವರಿಗೆ ಸಾಮಾನ್ಯವಾಗಿ 49ರಿಂದ 51 ಸೆಂ.ಮೀ. ಅಳತೆಯ ಫ್ರೇಮ್, ಅಂದರೆ ಕಂಪನಿಯ ಪಟ್ಟಿಗೆ ತಕ್ಕಂತೆ ‘ಎಕ್ಸ್‌ಎಸ್’ ಅಥವಾ ‘ಎಸ್’ ಹೊಂದುತ್ತದೆ. ಆ ಅಳತೆ ದಾಸ್ತಾನಿನಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಹೇಳಿ ಕಾಯಿರಿ. ಇದ್ದುದನ್ನು ಒಪ್ಪಿಸುವುದು ಮಾರುವವರಿಗೆ ಸುಲಭ. ವರ್ಷಗಟ್ಟಲೆ ಅದರ ಮೇಲೆ ಕೂರಬೇಕಾದವರು ನೀವು.

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲುಗಳ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಯಾರಾದರೂ ಅದಕ್ಕೂ ಹಿಂದಿನ ಬೆಲೆಪಟ್ಟಿ ತೋರಿಸಿದರೆ ಸಂಕೋಚವಿಲ್ಲದೆ ಕೇಳಿ.

ಉತ್ತರ (ಕೆಂಗೇರಿಯಿಂದ)

ಅಳತೆಯ ಬಗ್ಗೆ ಮೇಲಿನವರು ಹೇಳಿದ್ದು ಅಕ್ಷರಶಃ ಸರಿ. ನಾನು ಗೇರು ಮತ್ತು ಟೈರಿನ ವಿಷಯ ಬರೆಯುತ್ತೇನೆ, ಏಕೆಂದರೆ ನಂದಿಯ ಹೆಸರೆತ್ತಿದ್ದೀರಿ.

ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬುಡದಿಂದ ಏಳೆಂಟು ಕಿಲೋಮೀಟರ್ ಬಿಡುವಿಲ್ಲದ ಏರು. ಅಲ್ಲಿ ನೆರವಿಗೆ ಬರುವುದು ಸೈಕಲ್ಲಿನ ಅತಿ ಹಗುರ ಗೇರು ಮಾತ್ರ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28 ಹಲ್ಲು ಇದ್ದಾಗ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 9.3 ಕಿ.ಮೀ. ವೇಗ ಬರುತ್ತದೆ. ಹಿಂದೆ 32 ಹಲ್ಲಿದ್ದರೆ ಅಷ್ಟೇ ಸುತ್ತಿಗೆ 8.2 ಕಿ.ಮೀ. ಸಾಕು. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ಆದರೆ ಕಡಿದಾದ ತಿರುವಿನಲ್ಲಿ ಕಾಲು ಸೋತಾಗ, ತುಳಿಯುತ್ತಲೇ ಮುಂದುವರಿಯುವುದಕ್ಕೂ ಇಳಿದು ತಳ್ಳುವುದಕ್ಕೂ ನಡುವಿನ ಅಂತರ ಇಷ್ಟೇ ಇರುತ್ತದೆ. ಆದ್ದರಿಂದ ಮುಂದಿನ ಎರಡು ಹಲ್ಲುಚಕ್ರಗಳಿಗೆ 50 ಮತ್ತು 34, ಹಿಂದಿನ ಅತಿ ದೊಡ್ಡದಕ್ಕೆ 32 ಅಥವಾ 34 ಹಲ್ಲು ಇದೆಯೇ ಎಂದು ಎಣಿಸಿಯೇ ನೋಡಿ. ಹಲ್ಲಿನ ಸಂಖ್ಯೆಯನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತಾರೆ.

ಶಿಮಾನೋ ಕಂಪನಿಯ ರೋಡ್ ಬೈಕ್ ಗೇರುಗಳಲ್ಲಿ ಕ್ಲಾರಿಸ್ ಎಂಬ ಸರಣಿಗೆ ಹಿಂದೆ 8, ಸೋರಾ ಎಂಬುದಕ್ಕೆ 9 ಗೇರು ಇರುತ್ತವೆ. ನಿಮ್ಮ ಮೊತ್ತಕ್ಕೆ ಕ್ಲಾರಿಸ್ ಅಥವಾ ಅದಕ್ಕೆ ಸಮನಾದ ಮೈಕ್ರೋಶಿಫ್ಟ್ ಕಂಪನಿಯ ಗೇರು ಇದ್ದರೆ ಧಾರಾಳವಾಗಿ ಸಾಕು. 7 ಗೇರಿನ ಅಗ್ಗದ ಸೈಕಲ್ಲುಗಳಲ್ಲಿ ಹಲವಕ್ಕೆ ಹಿಂದಿನ ಹಲ್ಲುಚಕ್ರಗಳನ್ನು ಹಬ್ಬಿನ (ಚಕ್ರದ ನಡುಭಾಗದ) ಮೇಲೆ ತಿರುಪಿ ಕೂರಿಸಿರುತ್ತಾರೆ. ಮುಂದೆ ಒಳ್ಳೆಯ ಗೇರು ಹಾಕಿಸಲು ಹೊರಟರೆ ಹಿಂದಿನ ಚಕ್ರವನ್ನೇ ಬದಲಿಸಬೇಕಾಗಬಹುದು. 8 ಗೇರಿನ ಶಿಮಾನೋ ಹಬ್ಬಿಗೆ 9 ಮತ್ತು 10 ಗೇರಿನ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಜೋಡಣೆ) ಕೂರುತ್ತದೆ. ಹಣಕ್ಕೆ ಬೆಲೆ ಸಿಗುವುದು ಇಂತಹ ಕಡೆ, ಬಣ್ಣದಲ್ಲಿ ಅಲ್ಲ.

ಟೈರು ಕನಿಷ್ಠ 28 ಮಿ.ಮೀ. ಇರಲಿ, ಫ್ರೇಮಿನಲ್ಲಿ 32ಕ್ಕೆ ಜಾಗವಿದ್ದರೆ ಇನ್ನೂ ಒಳ್ಳೆಯದು. ನಮ್ಮ ರಸ್ತೆಗಳಲ್ಲಿ ಅಗೆದು ಮುಚ್ಚಿದ ಜಾಗ, ಬಣ್ಣ ಬಳಿಯದ ಹಂಪು, ಮಳೆನೀರು ತುಂಬಿದ ಗುಂಡಿ ಎಲ್ಲಿ ಎದುರಾಗುತ್ತವೆಂದು ಹೇಳಲಾಗದು. ತೆಳು ಟೈರಿಲ್ಲದಿದ್ದರೆ ದೂರ ಹೋಗಲಾಗದು ಎನ್ನುವವರಿಗೆ ಕಿವಿಗೊಡಬೇಡಿ. ಗೊತ್ತಾದ ಸಮಯದೊಳಗೆ ದೂರ ಮುಗಿಸಬೇಕಾದ, ಪೈಪೋಟಿಯಿಲ್ಲದ ‘ಬ್ರೆವೆ’ ಸವಾರಿಯಲ್ಲಿ 200 ಕಿ.ಮೀ.ಗೆ ಗಡುವೇ ಹದಿಮೂರೂವರೆ ಗಂಟೆ, ಅಂದರೆ ಸರಾಸರಿ ಗಂಟೆಗೆ 15 ಕಿಲೋಮೀಟರೂ ಅಲ್ಲ.

ಬ್ರೇಕಿನ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಮಳೆಯಲ್ಲೂ ಓಡಿಸುವವರಿಗೆ ಡಿಸ್ಕ್ ಒಳ್ಳೆಯದು, ಅನುಮಾನವಿಲ್ಲ. ಆದರೆ ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಡಿಸ್ಕ್ ಕೊಟ್ಟು ಗೇರಿನಲ್ಲಿ ಕೈಬಿಗಿ ಮಾಡಿದ್ದರೆ, ಚೆನ್ನಾಗಿ ಹಿಡಿಯುವ ರಿಮ್ ಬ್ರೇಕು (ಚಕ್ರದ ಅಂಚನ್ನೇ ಒತ್ತಿ ನಿಲ್ಲಿಸುವುದು) ಮತ್ತು ಕ್ಲಾರಿಸ್ ಇರುವುದನ್ನೇ ನಾನು ಆರಿಸುತ್ತೇನೆ.

ಉತ್ತರ (ಜಯನಗರದಿಂದ)

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಇದೇ ಸೈಕಲ್ಲಿನಲ್ಲಿ ಚೀಲ ಕಟ್ಟಿಕೊಂಡು ದಿನವೂ ಕಾಲೇಜಿಗೆ ಹೋಗುವುದಾದರೆ, ನೇರ ಹ್ಯಾಂಡಲ್ಲಿನ ಹೈಬ್ರಿಡ್ಡನ್ನೂ ಒಮ್ಮೆ ಓಡಿಸಿ ನೋಡಿ. ಸಿಗ್ನಲ್ಲುಗಳ ನಡುವೆ ತಲೆ ಎತ್ತಿ ಕೂರಲು ಅದು ಅನುಕೂಲ, ಬೆಲೆಯೂ ಕಡಿಮೆ. ಭಾನುವಾರದ ದೂರದ ಸವಾರಿಯೇ ಮುಖ್ಯ ಎಂದಾದರೆ ರೋಡ್ ಬೈಕೇ ಸರಿ, ಏಕೆಂದರೆ ದೇವನಹಳ್ಳಿಯ ಬಯಲಿನಲ್ಲಿ ಎದುರುಗಾಳಿ ಬೀಸುವಾಗ ಬಾಗಿ ಕೂರುವುದರ ಲಾಭ ಚೆನ್ನಾಗಿ ತಿಳಿಯುತ್ತದೆ.

ಬಳಸಿದ ಸೈಕಲ್ ಕೊಳ್ಳುವುದಾದರೆ ಪೆಡಲಿನ ಅಚ್ಚಿನ ಸುತ್ತ, ಕೊಳವೆಗಳು ಕೂಡುವ ಬೆಸುಗೆಗಳಲ್ಲಿ ಕೂದಲೆಳೆಯಂತಹ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಸೈಕಲ್ಲನ್ನು ತಲೆಕೆಳಗು ಮಾಡಿ ಅಲ್ಲಿ ಕೆತ್ತಿರುವ ಫ್ರೇಮ್ ಸಂಖ್ಯೆ ಮೂಲ ಬಿಲ್ಲಿನದರೊಂದಿಗೆ ತಾಳೆಯಾಗುತ್ತದೆಯೇ ನೋಡಿ. ಬಿಲ್ಲಿಲ್ಲದಿದ್ದರೆ, ಎಷ್ಟೇ ಅಗ್ಗವಾದರೂ ಬೇಡ.

45,000ವನ್ನೂ ಸೈಕಲ್ಲಿಗೇ ಸುರಿಯಬೇಡಿ. ಹೆಲ್ಮೆಟ್, ಮುಂದಿನ ಮತ್ತು ಹಿಂದಿನ ದೀಪ, ಬೀಗ, ಪಂಪು, ಒಂದು ಹೆಚ್ಚುವರಿ ಟ್ಯೂಬಿಗೆಂದು ಐದಾರು ಸಾವಿರ ಉಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಕಾಲೇಜಿಗೆ ಹಳೆಯ ಸೈಕಲ್ಲೇ ಸಾಕು. ಹೊಸದು ದೂರದ ಸವಾರಿಗೆ ಮಾತ್ರ. ಇನ್ನೊಂದು ಸಂದೇಹ: ನಮ್ಮ ರಸ್ತೆಯ ಪಂಕ್ಚರ್ ಅಂಗಡಿಯಲ್ಲೇ ಗಾಳಿ ಹೊಡೆಸಬಹುದಲ್ಲವೇ, ಪ್ರತ್ಯೇಕ ಪಂಪು ಏಕೆ?

ಉತ್ತರ (ಕೆಂಗೇರಿಯಿಂದ)

ಮೇಡಂ, ರೋಡ್ ಬೈಕುಗಳ ಟ್ಯೂಬಿಗೆ ಹೆಚ್ಚಾಗಿ ಪ್ರೆಸ್ಟಾ ಎಂಬ ಸಪೂರ ವಾಲ್ವ್ ಇರುತ್ತದೆ. ಸ್ಕೂಟರಿಗೆ ಗಾಳಿ ತುಂಬುವ ಮೂತಿ ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ಒಂದನ್ನು ಚೀಲದಲ್ಲಿಟ್ಟುಕೊಂಡರೆ ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಾದರೂ ಕೆಲಸವಾಗುತ್ತದೆ. ತುಂಬುವ ಮುನ್ನ ವಾಲ್ವಿನ ತುದಿಯ ಪುಟ್ಟ ತಿರುಪನ್ನು ಸಡಿಲಿಸಿ, ಬೆರಳಿನಿಂದ ಒಮ್ಮೆ ಒತ್ತಿ ‘ಚುಸ್’ ಎನಿಸಿಕೊಳ್ಳಬೇಕು. ಆದರೆ ತೆಳು ಟ್ಯೂಬಿನಿಂದ ಗಾಳಿ ವಾರದೊಳಗೇ ಇಳಿಯುವುದರಿಂದ, ಅಳತೆಯ ಮುಳ್ಳಿರುವ ಕಾಲಲ್ಲಿ ಒತ್ತಿ ಹಿಡಿಯುವ ಪಂಪು ಮನೆಯಲ್ಲಿ ಇರಲೇಬೇಕು. ನಿಮ್ಮ ತೂಕಕ್ಕೆ 28 ಮಿ.ಮೀ. ಟೈರಿನಲ್ಲಿ ಮುಂದೆ 60, ಹಿಂದೆ 65 ಪಿಎಸ್‌ಐನಿಂದ ಆರಂಭಿಸಿ. ಗುಂಡಿಗೆ ಬಿದ್ದಾಗ ರಿಮ್ಮು ನೆಲಕ್ಕೆ ತಾಗಿದಂತೆನಿಸಿದರೆ ಐದು ಏರಿಸಿ, ಕೈಗೆ ಅದುರು ಹೆಚ್ಚೆನಿಸಿದರೆ ಸ್ವಲ್ಪ ಇಳಿಸಿ.