ಮೂರು ಪುಕ್ಕಟೆ, ಒಂದು ಉಪ್ಪು

"ಬಿಸಿಲು ಪುಕ್ಕಟೆ. ಸಮುದ್ರದ ನೀರು ಪುಕ್ಕಟೆ. ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ಕೆಲಸ ಚುರುಕು ಮಾಡೋ ಪುಡಿ, ಅದನ್ನು ಮಾಡೋಕೆ ಮರದ ಕಸ, ಅದೂ ಪುಕ್ಕಟೆ. ಇನ್ನೇನು ಬೇಕು?" ಅಂತ ಶೀನ ಶುರು ಮಾಡಿದ. ಪುಕ್ಕಟೆ ಅನ್ನುವ ಮಾತು ಮೂರು ಸಲ ಬಂತೆಂದರೆ ಅವನನ್ನು ಹಿಡಿಯೋದು ಕಷ್ಟ.

"ಅದರಿಂದ ಏನು ಮಾಡ್ತೀಯಪ್ಪಾ?" ವೆಂಕಟೇಶ ಆಕಳಿಸುತ್ತಾ ಕೇಳಿದ.

"ಹೈಡ್ರೋಜನ್ ಪೆರಾಕ್ಸೈಡ್ ಕಣೋ. ಗಾಯಕ್ಕೆ ಹಾಕಿದರೆ ಬುರುಬುರು ನೊರೆ ಬರುತ್ತದಲ್ಲ, ಅದು. ಕಾಗದ, ಬಟ್ಟೆ ಬೆಳ್ಳಗೆ ಮಾಡೋಕೂ ಅದೇ ಬೇಕು. ನೀರಿಗೆ ಇನ್ನೊಂದು ಆಕ್ಸಿಜನ್ ಅಂಟಿಸಿದರೆ ಮುಗೀತು."

"ಅಂಟಿಸಿದರೆ ಮುಗೀತಂತೆ!" ಲಲಿತಾ ನಕ್ಕಳು. ನಮ್ಮ ಗುಂಪಿನಲ್ಲಿ ಕೆಮಿಸ್ಟ್ರಿ ಓದಿದವಳು ಅವಳೊಬ್ಬಳೇ. ಉಳಿದವರು ಬರೀ ಪಾಸಾದವರು. "ಈಗ ಕಾರ್ಖಾನೆಯಲ್ಲಿ ಆಂಥ್ರಾಕ್ವಿನೋನ್ ಅನ್ನೋ ರಾಸಾಯನಿಕಕ್ಕೆ ಹೈಡ್ರೋಜನ್ ಸೇರಿಸಿ, ಆಮೇಲೆ ಗಾಳಿ ಹಾಯಿಸಿ ತೆಗೆಯುತ್ತಾರೆ. ಅದಕ್ಕೆ ಪಲ್ಲಾಡಿಯಂ ಅನ್ನೋ ದುಬಾರಿ ಲೋಹ ಬೇಕು. ಹೈಡ್ರೋಜನ್ ಬರೋದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ."

"ಅದಕ್ಕೇ ನಾನು ಮರ ಅಂದಿದ್ದು! ಲಿಗ್ನಿನ್. ಮರ ಗಟ್ಟಿಯಾಗಿ ನಿಲ್ಲೋದೇ ಅದರಿಂದ. ಕಾಗದ ಮಾಡುವಾಗ ಕಪ್ಪು ರಸದಲ್ಲಿ ಹೊರಗೆ ಬರುತ್ತದೆ, ಬಾಯ್ಲರಿಗೆ ಹಾಕಿ ಸುಟ್ಟುಬಿಡುತ್ತಾರೆ."

"ಅದೊಂದು ಸರಿ ಹೇಳಿದೆ," ಲಲಿತಾ ಒಪ್ಪಿಕೊಂಡಳು. "1972ರಲ್ಲಿ ಜಪಾನಿನ ವಿಜ್ಞಾನಿಗಳಾದ ಫುಜಿಶಿಮಾ, ಹೊಂಡಾ ಇಬ್ಬರೂ ಟೈಟಾನಿಯಂ ಡೈಆಕ್ಸೈಡ್ ಇಟ್ಟುಕೊಂಡು ಬೆಳಕಿನಿಂದ ನೀರು ಒಡೆದು ತೋರಿಸಿದರು. ಆದರೆ ಅದು ಹೀರೋದು ಅಲ್ಟ್ರಾವಯಲೆಟ್ ಮಾತ್ರ. ಬಿಸಿಲಿನಲ್ಲಿ ಅದು 5 ಪರ್ಸೆಂಟ್ ಆಸುಪಾಸು. ಲಿಗ್ನಿನ್ ಕಂದು ಬಣ್ಣದ್ದು, ಕಣ್ಣಿಗೆ ಕಾಣೋ ಬೆಳಕನ್ನೂ ಹೀರುತ್ತದೆ. ಬೆಳಕು ಬಿದ್ದಾಗ ಆ ಲಿಗ್ನಿನ್ ಪುಡಿಯಲ್ಲಿ ಎಲೆಕ್ಟ್ರಾನ್ ಎದ್ದು ಹಾರುತ್ತದೆ. ನೀರಲ್ಲಿ ಕರಗಿರೋ ಆಕ್ಸಿಜನ್ ಅದನ್ನು ಹಿಡಿದು ಪೆರಾಕ್ಸೈಡ್ ಆಗುತ್ತದೆ. ಖಾಲಿಯಾದ ಜಾಗಕ್ಕೆ ನೀರು ಎಲೆಕ್ಟ್ರಾನ್ ಕೊಡಬೇಕು."

"ಕೊಡಲಿ ಬಿಡು, ಸಮುದ್ರದ ತುಂಬಾ ನೀರೇ ಅಲ್ವಾ?"

"ಉಪ್ಪೂ ಇದೆ ಮಾರಾಯ, ಲೀಟರಿಗೆ 35 ಗ್ರಾಂ. ಅದರ ಕ್ಲೋರೈಡು ಕ್ಯೂನಲ್ಲಿ ನುಗ್ಗುವವನ ಹಾಗೆ, ನೀರಿಗಿಂತ ಮುಂದೆ ಬಂದು ಎಲೆಕ್ಟ್ರಾನ್ ಕೊಡೋಕೆ ನೋಡುತ್ತದೆ. ನಿನಗೆ ಬೇಡದ ಕ್ಲೋರಿನ್ ಸಾಮಾನು ತಯಾರಾಗುತ್ತದೆ, ಅದು ಪೆರಾಕ್ಸೈಡನ್ನೂ ಹಾಳು ಮಾಡುತ್ತದೆ."

ಶೀನ ಸ್ವಲ್ಪ ಕುಗ್ಗಿದ. ಲಲಿತಾ ಬಿಡಲಿಲ್ಲ. "ಇನ್ನೂ ಇದೆ. ಬಿಸಿಲಿನ ಅಲ್ಟ್ರಾವಯಲೆಟ್ಟೇ ಪೆರಾಕ್ಸೈಡನ್ನು ಒಡೆಯುತ್ತದೆ. ಸಮುದ್ರದಲ್ಲಿರೋ ಬ್ಯಾಕ್ಟೀರಿಯಾ, ಪಾಚಿಗಳೂ ಒಡೆಯುತ್ತವೆ. ಗಾಯದ ಮೇಲೆ ನೊರೆ ಬರಿಸುತ್ತದಲ್ಲ ಕ್ಯಾಟಲೇಸ್, ಆ ಕಿಣ್ವ ಅವುಗಳಲ್ಲೂ ಇರುತ್ತದೆ."

"ಅಂದರೆ ಮಾಡೋದೂ ಬಿಸಿಲೇ, ಕೆಡಿಸೋದೂ ಬಿಸಿಲೇ. ನಮ್ಮ ಆಫೀಸಿನ ಹಾಗಿದೆ," ಅಂದ ವೆಂಕಟೇಶ.

"ಎಷ್ಟು ಸಿಗುತ್ತೆ, ಅದು ಹೇಳು," ಶೀನ ವ್ಯಾಪಾರಕ್ಕೆ ಬಂದ.

"1 ಮಿಲಿಮೋಲಾರ್ ಸಿಕ್ಕಿತು ಅಂದುಕೋ. ಅಂದರೆ ಲೀಟರಿಗೆ 34 ಮಿಲಿಗ್ರಾಂ. ಔಷಧಿ ಬಾಟಲಿಯದ್ದು 3 ಪರ್ಸೆಂಟ್, ಅಂದರೆ ಲೀಟರಿಗೆ 30 ಗ್ರಾಂ. ಉಪ್ಪಿನ ನೀರಿನಿಂದ ಅದನ್ನು ಬೇರೆ ಮಾಡಿ ಗಟ್ಟಿ ಮಾಡೋ ಹೊತ್ತಿಗೆ ನಿನ್ನ ಮೂರು ಪುಕ್ಕಟೆಯೂ ಖಾಲಿ."

ಶೀನ ತಲೆ ಕೆರೆದುಕೊಂಡ. "ಹಾಗಾದರೆ ಗಟ್ಟಿ ಮಾಡೋದೇ ಬೇಡ. ತೆಳ್ಳಗಿದ್ದರೆ ತೆಳ್ಳಗೇ ಇರಲಿ, ಅಲ್ಲೇ ಕೊಳಕು ನೀರು ಶುದ್ಧ ಮಾಡೋಕೆ ಬಳಸೋಣ."

ಲಲಿತಾ ಅವನನ್ನೇ ನೋಡಿದಳು. "ಇದು ಮಾತು! ಗಟ್ಟಿ ಪೆರಾಕ್ಸೈಡನ್ನು ಲಾರಿಯಲ್ಲಿ ಸಾಗಿಸೋದು ಅಪಾಯ. ಬೇಕಾದಲ್ಲೇ ಮಾಡಿ ಅಲ್ಲೇ ಬಳಸೋದೇ ಇದರ ಜಾಣತನ."

"ಸರಿ, ರಾತ್ರಿ ಏನು ಮಾಡ್ತೀಯ?" ಅಂದ ವೆಂಕಟೇಶ.

"ರಾತ್ರಿ ಪಾಳಿಗೆ ನಿನ್ನನ್ನೇ ಹಾಕ್ತೀನಿ," ಅಂದ ಶೀನ. "ಟಾರ್ಚು ಹಿಡ್ಕೊಂಡು ನಿಂತ್ಕೋ."